ತಮ್ಮನಿಗೊಂದು ಹಗುರ ಮಷೀನು

ಯಾರ ಮನೆಗೆ ಹೋದರೂ ಕುರ್ಚಿ ಎಳೆದು ಕೂರುವ ಮೊದಲು ಎದುರಿನ ಮೇಜನ್ನು ಅಂಗೈಯಿಂದ ಒಮ್ಮೆ ಒರೆಸುವುದು ನನಗೆ ಅಂಟಿದ ಚಟ. ಮೇಜು ಫಳಫಳ ಹೊಳೆಯುತ್ತಿದ್ದರೂ ಕೈ ತಾನಾಗಿ ಹೋಗುತ್ತದೆ. ಹೀಗೆ ಒರೆಸಿ ಎಷ್ಟೋ ಮನೆಯೊಡತಿಯರ ಕೆಂಗಣ್ಣಿಗೆ ಗುರಿಯಾಗಿದ್ದೇನೆ. ಪುಣೆಯ ಸದಾಶಿವ ಪೇಠದಲ್ಲಿ ನಮ್ಮ ಕಟ್ಟಡದ ಕೆಳಮನೆಯ ಅಜ್ಜಿ ಒಮ್ಮೆ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದು ನಿಂತು, "ಕಾಯ್ ಹೋ, ಧೂಳ್ ದಿಸ್ತೇ ಕಾ ತುಮ್ಹಾಲಾ?" ಎಂದು ಕೇಳಿಯೇ ಬಿಟ್ಟಳು. ಧೂಳು ಕಾಣುತ್ತದೆಯೇ ಎಂದರೆ ಏನು ಹೇಳುವುದು? ಇಲ್ಲದ ಧೂಳನ್ನು ಒರೆಸಿಯೇ ನಮ್ಮ ಮನೆತನ ಅನ್ನ ತಿಂದಿದೆ ಎಂದು ಹೇಳಲಾಗುತ್ತದೆಯೇ? ಹಲ್ಲು ಕಿರಿದು ಚಹಾ ಕುಡಿದು ಬಂದೆ.

ಈ ಚಟದ ಬಗ್ಗೆ ನಾಲ್ಕು ತಮಾಷೆಯ ಮಾತು ಬರೆಯೋಣವೆಂದು ಕೂತವನು ನಾನು. ಆದರೆ ಎಲ್ಲಿಂದ ಹೊರಟರೂ ಮಾತು ವಾಕಡದಲ್ಲಿರುವ ನನ್ನ ತಮ್ಮನ ಮನೆಯ ಮೇಜಿಗೇ ಹೋಗಿ ನಿಲ್ಲುತ್ತದೆ. ಅಲ್ಲಿ ತಮಾಷೆ ಸ್ವಲ್ಪ ಕಷ್ಟ.

ಅಪ್ಪನ ಹೋಟೆಲು ಪುಣೆ ಕ್ಯಾಂಪಿನಲ್ಲಿತ್ತು. ಕರಾವಳಿಯಿಂದ ಬಂದವರು ಈ ಊರಿನಲ್ಲಿ ಇನ್ನೇನು ತೆರೆಯುತ್ತಾರೆ? ಹನ್ನೆರಡು ಅಮೃತಶಿಲೆಯ ಮೇಜು, ಗೋಡೆಗೆ ಉದ್ದದ ಕನ್ನಡಿ, ಗಲ್ಲಾದ ಮೇಲೆ ಅಪ್ಪ. ಬೆಳಿಗ್ಗೆ ಬಾಗಿಲ ಹಲಗೆ ತೆಗೆಯುವ ಮೊದಲು ಒಂದು ಕರ್ಮ ನಡೆಯಲೇಬೇಕಿತ್ತು. ಸೋಡಾಪುಡಿ ಬೆರೆಸಿದ ಬಿಸಿನೀರಿನಲ್ಲಿ ಮೇಜು, ನೆಲ, ಗೋಡೆಯ ಕೆಳಗಿನ ಅರ್ಧ ಎಲ್ಲ ತೊಳೆಯುವುದು. ತಿಂಡಿಯ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸದಾಗಿ ಬರೆಯುವುದು. ಬೋರ್ಡಿನಲ್ಲಿ ನಿನ್ನೆಯದೇ ಇಡ್ಲಿ, ನಿನ್ನೆಯದೇ ವಡೆ ಇರಲಿ, ಒರೆಸಿಯೇ ಬರೆಯಬೇಕು. "ನಿನ್ನೆದ್ದು ಯಾವುದೂ ಗಿರಾಕಿಯ ಕಣ್ಣಿಗೆ ಬೀಳ್ಬಾರ್ದು" ಎನ್ನುತ್ತಿದ್ದರು ಅಪ್ಪ. ರಾತ್ರಿ ಉಳಿದ ಸಾಂಬಾರು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಬೆಳಗಿನ ಬೆಳಕು ನೋಡುವ ಭಾಗ್ಯವಿರಲಿಲ್ಲ. ನಾನು ಆ ಒದ್ದೆ ಕಲ್ಲಿನ ವಾಸನೆಯಲ್ಲಿ ಬೆಳೆದೆ. ಇವತ್ತಿಗೂ ನನಗೆ ಬೆಳಗಾಗುವುದೆಂದರೆ ಏನನ್ನಾದರೂ ತೊಳೆಯುವುದು.

ತಮ್ಮ ದಿವಾಕರನಿಗೆ ಇದೆಲ್ಲ ಅಷ್ಟಕ್ಕಷ್ಟೆ. ಅವನ ಶಾಲೆಯ ಅಂಗಿಯಿಂದ ಇಂಗಿನ ವಾಸನೆ ಬರುತ್ತಿತ್ತಂತೆ. ಹುಡುಗರು ಅವನನ್ನು "ಸಾಂಬಾರ್" ಎಂದು ಕರೆಯುತ್ತಿದ್ದರಂತೆ. ನನ್ನ ಅಂಗಿಯಿಂದಲೂ ಅದೇ ವಾಸನೆ ಬರುತ್ತಿತ್ತು, ನನ್ನನ್ನೂ ಹಾಗೆಯೇ ಕರೆಯುತ್ತಿದ್ದರು, ನನಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು. ಅಣ್ಣತಮ್ಮಂದಿರಲ್ಲಿ ವ್ಯತ್ಯಾಸವೆಂದರೆ ಇಷ್ಟೇ. ರಜೆಯಲ್ಲಿ ಅಪ್ಪ ಅವನನ್ನು ಆರ್ಡರ್ ಕೂಗಲು ನಿಲ್ಲಿಸುತ್ತಿದ್ದರು. ಗಿರಾಕಿ ಹೇಳಿದ್ದನ್ನು ಅಡುಗೆಮನೆಯ ಕಿಂಡಿಗೆ ಕೇಳುವಂತೆ ಕೂಗಬೇಕು: "ಎರಡು ಸಾದಾ!" ಎಂದರೆ ಎರಡು ಸಾದಾ ದೋಸೆ. ದಿವಾಕರ ನಾಚಿಕೆಯಿಂದ ಕುಗ್ಗಿ ಕೂಗುತ್ತಿದ್ದ. ಕೊನೆಗೆ ಓದಿ, ಕಂಪ್ಯೂಟರು ಕಲಿತು, ಹಿಂಜವಡಿಯ ಒಂದು ಕಂಪನಿಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದು ದೋಸೆಯಿಂದ ಪಾರಾದ. ತಣ್ಣನೆಯ ಕೋಣೆಯಲ್ಲಿ, ಕಪ್ಪು ಪರದೆಯ ಮುಂದೆ, ಯಾರೊಂದಿಗೂ ಮಾತಾಡದೆ ದಿನಗಟ್ಟಲೆ ಕೂತಿರುವುದು ಅವನಿಗೆ ಸ್ವರ್ಗವಾಗಿತ್ತು. "ನಿನ್ನ ಮಷೀನು ಮಾತಾಡ್ತದಾ ಮಾರಾಯ?" ಎಂದು ನಾನು ಕೆಣಕಿದರೆ, "ನಿನ್ನ ಗಿರಾಕಿಗಳಿಗಿಂತ ಚಂದ ಮಾತಾಡ್ತದೆ" ಎನ್ನುತ್ತಿದ್ದ.

ಐವತ್ತು ತುಂಬುವ ಮೊದಲೇ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಕಾಲು ಸ್ವಲ್ಪ ತಿರುಗಿ ಬಂತು, ಕೈ ಬರಲಿಲ್ಲ. ಮಾತು ಪೂರ್ತಿ ಹೋಯಿತು. ಪೂರ್ತಿ ಎಂದೆನಲ್ಲ, ಅದು ಸುಳ್ಳು, ಒಂದು ಉಳಿಯಿತು. ಆಸ್ಪತ್ರೆಯಲ್ಲಿ ಹೆಂಡತಿ ಮಾಲಿನಿ ಅವನ ಕೆನ್ನೆ ಹಿಡಿದು, "ರೀ, ನಾನು ಯಾರು ಹೇಳಿ" ಎಂದಾಗ, ಅವನು ಬಾಯಿ ಸೊಟ್ಟಗೆ ಮಾಡಿ, ಬಹಳ ಕಷ್ಟಪಟ್ಟು ಹೇಳಿದ: "ಎರಡು ಸಾದಾ."

ಕೆಲವರಿಗೆ ಹೀಗಾಗುತ್ತದಂತೆ. ಮಾತಿನ ಮನೆಯೆಲ್ಲ ಕುಸಿದು ಯಾವುದೋ ಮೂಲೆಯ ಒಂದು ತುಂಡು ಉಳಿದುಬಿಡುತ್ತದೆ, ಬಾಯಿ ತೆರೆದಾಗಲೆಲ್ಲ ಅದೇ ಬರುತ್ತದೆ ಎಂದರು ಡಾಕ್ಟರು. ನಾವು ಹೇಳುವುದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಹೇಳಲು ಮಾತ್ರ ಅದೊಂದೇ. ನೀರು ಬೇಕಾದರೆ ಎರಡು ಸಾದಾ, ಸಿಟ್ಟು ಬಂದರೆ ಎರಡು ಸಾದಾ. ಮಾಲಿನಿ ಆಫೀಸಿಗೆ ಹೊರಟು ನಿಂತಾಗ ಅವಳ ಸೆರಗನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಹೇಳುವಾಗಲೂ ಎರಡು ಸಾದಾ. ಹೋಟೆಲಿನಿಂದ ಅಷ್ಟು ದೂರ ಓಡಿಹೋದವನ ಬಾಯಲ್ಲಿ ಹೋಟೆಲೊಂದೇ ಉಳಿಯಿತು. ಮೊದಲ ಸಲ ಕೇಳಿದಾಗ ನನಗೆ ನಗು ಬಂದುಬಿಟ್ಟಿತು. ಆಸ್ಪತ್ರೆಯ ವರಾಂಡಕ್ಕೆ ಹೋಗಿ ನಕ್ಕೆ, ಅಲ್ಲೇ ನಿಂತು ಅತ್ತೆ.

ಡಾಕ್ಟರು ಒಂದು ಮಾತನ್ನು ನಮ್ಮ ತಲೆಗೆ ಹೊಡೆದು ಕೂರಿಸಿದ್ದರು. ಏನು ತಿರುಗಿ ಬರುವುದಿದ್ದರೂ ಹೆಚ್ಚಿನದು ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. ಆಮೇಲೆ ಬಾಗಿಲು ಮೆಲ್ಲಮೆಲ್ಲಗೆ ಮುಚ್ಚುತ್ತದೆ. ಆದ್ದರಿಂದ ಅವನಿಗೆ ಗೊತ್ತಿದ್ದ ಕೆಲಸವನ್ನೇ ದಿನಾ ಮಾಡಿಸಿ, ನಿನ್ನೆ ಕಲಿತದ್ದರ ಮೇಲೆ ಇವತ್ತಿನದು ಕೂರಬೇಕು ಎಂದಿದ್ದರು. ಮಾಲಿನಿ ಎಷ್ಟು ದಿನ ರಜೆ ಹಾಕಿಯಾಳು? ನಾನು ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಸುಮ್ಮನೆ ಕೂತವನು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ವಾಕಡಕ್ಕೆ ಹೋಗಿ, ಅವಳು ಬರುವವರೆಗೆ ತಮ್ಮನೊಂದಿಗೆ ಇರುವುದು ನನ್ನ ಕೆಲಸವಾಯಿತು. ಆ ಕೆಲವು ತಿಂಗಳುಗಳು ನನ್ನ ಕೈಗೆ ಬಂದವು ಎಂದರೂ ಸರಿಯೇ.

ಗೊತ್ತಿದ್ದ ಕೆಲಸವೆಂದರೆ ಕಂಪ್ಯೂಟರು. ಮನೆಯ ಹಳೆಯ ಲ್ಯಾಪ್‌ಟಾಪನ್ನು ಮುಂದಿಟ್ಟದ್ದೇ ತಡ, ದಿವಾಕರ ಎಡಗೈಯ ಒಂದು ಬೆರಳಿನಿಂದ ಕುಟ್ಟತೊಡಗಿದ. ಕುಟ್ಟಿದ್ದರಲ್ಲಿ ಹತ್ತಕ್ಕೆ ಒಂಬತ್ತು ತಪ್ಪು. ಎರಡನೆಯ ದಿನ ಮಾಲಿನಿಯ ಆಫೀಸಿನ ಕಾಗದಗಳೆಲ್ಲ ಮಾಯವಾದವು, ಅವುಗಳ ಜೊತೆ ಮಗಳ ಮದುವೆಯ ಫೋಟೋಗಳೂ ಹೋದವು. ಮಾಲಿನಿ ಲ್ಯಾಪ್‌ಟಾಪನ್ನು ಎತ್ತಿ ಕಪಾಟಿನಲ್ಲಿಟ್ಟಳು. ದಿವಾಕರ ಆ ಕಪಾಟನ್ನೇ ನೋಡುತ್ತ ಕೂತ.

ಆಗ ಬಂದವನು ಬಸವರಾಜ. ಕಲಬುರ್ಗಿ ಕಡೆಯವನು, ದಿವಾಕರನ ಕೈಕೆಳಗೆ ಕೆಲಸ ಕಲಿತವನು. ಗೆಳೆಯರೆಲ್ಲ ಒಮ್ಮೆ ಬಂದು ಹಣ್ಣು ಕೊಟ್ಟು ಹೋದಮೇಲೆ ತಿರುಗಿ ಬಂದವನು ಇವನೊಬ್ಬನೇ. ವಿಷಯ ಕೇಳಿ ಅವನು ತಲೆ ಕೆರೆದುಕೊಂಡ.

"ಅಣ್ಣಾರ, ಒಂದ್ ಕೆಲಸ ಮಾಡೂಣ್ರಿ. ಈ ಮಷೀನ್ ಒಳಗ ಇನ್ನೊಂದ್ ಮಷೀನ್ ಕೂಡಸೂಣು. ವರ್ಚುವಲ್ ಮಷೀನ್ ಅಂತಾರ. ಸರ್ ಅದರಾಗ ಏನ್ ಬೇಕಾದ್ರೂ ಹಾಳ್ ಮಾಡ್ಲಿ, ಹೊರಗಿಂದಕ್ಕ ಏನೂ ಆಗೂದಿಲ್ಲ."

"ಮಷೀನಿನೊಳಗೆ ಮಷೀನು ಹೇಗೆ ಹಿಡಿಸ್ತದೆ ಮಾರಾಯ? ಇದೇ ಮುದುಕ ಆಗಿದೆ."

"ಅದಕ್ಕ ಹಗುರಂದು ಹಾಕೂದ್ರಿ. ಲಿನಕ್ಸ್‌ನಾಗ ಭಾಳ ಹಗುರ ಇರೂವು ಅವ. ಒಂದ್ ಪಟ್ಟಿ, ಒಂದ್ ಕರೇ ಪರದೆ, ಮುಗೀತು. ಸರ್‌ಗೆ ಅಷ್ಟ ಸಾಕ್ರಿ. ಚಿತ್ರ ಗಿತ್ರ ಅವರಿಗೆ ಮೊದಲಿಂದನೂ ಸೇರಂಗಿಲ್ಲ."

ಅವನು ಬೇಕಾದ್ದನ್ನೆಲ್ಲ ಇಳಿಸಿಕೊಟ್ಟ. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. "ನೀವ ಮಾಡ್ರಿ ಅಣ್ಣಾರ, ಸರಳ ಅದ, ಫೋನ್‌ನಾಗ ಹೇಳ್ತೀನಿ" ಎಂದು ಓಡಿದ. ಹೀಗೆ ಜೀವನವಿಡೀ ಗಲ್ಲಾಪೆಟ್ಟಿಗೆ ಬಿಟ್ಟು ಬೇರೆ ಯಂತ್ರ ಮುಟ್ಟದ ನಾನು ಲಿನಕ್ಸ್ ಕೂರಿಸಲು ಕೂತೆ. ಕೂರುವ ಮೊದಲು ಮೇಜು ಒರೆಸಿದೆ, ಅದು ಬೇರೆ ಮಾತು.

ಓದುಗರೇ, ನಿಮ್ಮಲ್ಲಿ ಯಾರಾದರೂ ಈ ಕೆಲಸ ಮಾಡಿದ್ದರೆ ನನ್ನ ಮೇಲೆ ನಗಬಹುದು. ಒಳಗಿನವನಿಗೆ ಎಷ್ಟು ಮೆಮೊರಿ ಕೊಡುತ್ತೀರಿ ಎಂದು ಪರದೆ ಕೇಳಿತು. ಹೋಟೆಲಿನವನ ಕೈ ಧಾರಾಳ, ಮುಕ್ಕಾಲು ಬಡಿಸಿದೆ. ಹೊರಗಿನವನು ಉಪವಾಸ ಬಿದ್ದು ಅಲ್ಲಾಡದೆ ಮಲಗಿದ. ಬಸವರಾಜ ಫೋನಿನಲ್ಲಿ ಬೈದ ಮೇಲೆ ಕಾಲು ಭಾಗಕ್ಕೆ ಇಳಿಸಿದೆ. ಆಮೇಲೆ ಡಿಸ್ಕ್. ಅದು ನಿಜವಾದ ಡಿಸ್ಕ್ ಅಲ್ಲವಂತೆ, ತಾನು ಡಿಸ್ಕ್ ಎಂದು ನಂಬಿಕೊಂಡ ಒಂದು ಫೈಲಂತೆ. ಇರಲಿ, ನಂಬಿಕೊಂಡು ಬದುಕುವವರು ಎಷ್ಟು ಜನರಿಲ್ಲ ಎಂದು ಮುಂದೆ ಹೋದೆ. ಮೌಸಿನ ಬಾಣ ಒಳಗಿನ ಕಿಟಕಿಗೆ ಹೋದದ್ದು ಹೊರಗೆ ಬರಲೇ ಇಲ್ಲ. ಅದನ್ನು ಬಿಡಿಸುವ ಗುಂಡಿ ಬೇರೆ ಇದೆಯೆಂದು ತಿಳಿಯುವಷ್ಟರಲ್ಲಿ ಮೌಸನ್ನು ಇಡೀ ಮೇಜಿನ ತುಂಬ ಓಡಿಸಿ ಸುಸ್ತಾಗಿದ್ದೆ. ಊರು ಯಾವುದು ಎಂದು ಕೇಳಿತು. ಪಟ್ಟಿಯಲ್ಲಿ ಪುಣೆ ಇರಲಿಲ್ಲ. ಇಡೀ ದೇಶಕ್ಕೆ ಇದ್ದದ್ದು ಕೋಲ್ಕತ್ತಾ ಒಂದೇ, ಅದನ್ನೇ ಒತ್ತಿದೆ.

ಕೊನೆಗೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತುಂಬಿತು. ಮುಗಿಯಿತು, ಮತ್ತೆ ಶುರು ಮಾಡು ಎಂದಿತು. ಮಾಡಿದೆ. ಮತ್ತೆ ಮೊದಲಿನಿಂದ, ಯಾವ ಭಾಷೆ, ಯಾವ ಊರು ಎಂದು ಕೇಳತೊಡಗಿತು! ಎಲ್ಲೋ ತಪ್ಪಿದೆ ಎಂದುಕೊಂಡು ಮತ್ತೆ ಎಲ್ಲ ಉತ್ತರ ಕೊಟ್ಟೆ. ಮತ್ತೆ ನೀಲಿ ಪಟ್ಟಿ, ಮತ್ತೆ ಭಾಷೆ, ಮತ್ತೆ ಊರು. ಪಕ್ಕದಲ್ಲಿ ಕೂತ ದಿವಾಕರ ಅಷ್ಟು ಹೊತ್ತಿನಿಂದ ಪರದೆಯ ಮೂಲೆಗೆ ಬೆರಳು ಚಾಚಿ, ಮುಖ ಕೆಂಪಗೆ ಮಾಡಿಕೊಂಡು ಕೂಗುತ್ತಿದ್ದ: "ಎರಡು ಸಾದಾ! ಎರಡು ಸಾದಾ!" ಊಟದ ಹೊತ್ತು ಮೀರಿತ್ತು. ಹಸಿವಾಗಿರಬೇಕು, ಪಾಪ ಎಂದು ನಾನು ಎದ್ದುಹೋಗಿ ದೋಸೆ ಹುಯ್ದು ತಂದೆ. ಅವನು ತಟ್ಟೆಯನ್ನು ಎಡಗೈಯಿಂದ ತಳ್ಳಿ ಕಣ್ಣು ಮುಚ್ಚಿ ಕೂತ. ಸಂಜೆ ಬಸವರಾಜ ಫೋನಿನಲ್ಲಿ ಹೇಳಿದ: "ಅಯ್ಯ ಅಣ್ಣಾರ, ಆ ಇನ್‌ಸ್ಟಾಲ್ ಮಾಡೂ ಡಿಸ್ಕ್ ಹೊರಗ ತಗೀಬೇಕ್ರಿ. ಇಲ್ಲಾಂದ್ರ ಜನ್ಮಪೂರ್ತಿ ಇನ್‌ಸ್ಟಾಲೇ ಆಕ್ಕೋತ ಇರ್ತದ." ಆ ಡಿಸ್ಕಿನ ಚಿತ್ರ ಇದ್ದದ್ದು ಪರದೆಯ ಅದೇ ಮೂಲೆಯಲ್ಲಿ.

ಅಂದರೆ ಅವನಿಗೆ ಗೊತ್ತಿತ್ತು. ಮಾಲಿನಿಗೆ ಇದನ್ನು ಹೇಳಿದಾಗ ಅವಳು ಚೀಲವನ್ನೂ ಇಳಿಸದೆ ನಿಂತು, "ಖರೇ ಭಾವ? ನಕ್ಕೀ, ಖಂಡಿತ ಅವರಿಗೆ ಗೊತ್ತಾಯ್ತಾ?" ಎಂದು ನಾಲ್ಕು ಸಲ ಕೇಳಿದಳು. ಆ ದಿನ ಅವಳು ಪಾಯಸ ಮಾಡಿದಳು. ಒಳಗೆ ಮನುಷ್ಯ ಇದ್ದಾನೆ, ಪೂರ್ತಿ ಇದ್ದಾನೆ ಎಂದು ನಾವಿಬ್ಬರೂ ಆ ಸಂಜೆ ನಂಬಿದೆವು.

ಹಗುರ ಮಷೀನು ಎದ್ದು ಕೂತಿತು. ಕಪ್ಪು ಪರದೆಯಲ್ಲಿ ಒಂದು ಬಿಳಿ ಕಡ್ಡಿ ಮಿಣುಕುತ್ತಿತ್ತು. ದಿವಾಕರ ಎಡಗೈಯ ತೋರುಬೆರಳಿನಿಂದ ಎರಡಕ್ಷರ ಒತ್ತಿ, ಕೈಯನ್ನು ಕೀಲಿಮಣೆಯ ಇನ್ನೊಂದು ತುದಿಯವರೆಗೆ ಎಳೆದು ಎಂಟರ್ ಒತ್ತಿದ. ಸಾಲುಗಳು ಸರಸರ ಬಂದವು. ಅವನು ಹಾಗೇ ಹಿಂದಕ್ಕೆ ಒರಗಿದ. ಹಳೆಯ ಗೆಳೆಯ ಮನೆಗೆ ಬಂದು ಹೆಸರು ಹಿಡಿದು ಕರೆದಾಗ ಆಗುವಂಥ ಮುಖ ಅವನದಾಗಿತ್ತು.

ಮರುದಿನವೇ ಅದನ್ನು ಕೆಡಿಸಿದ. ಬಸವರಾಜ ಇದನ್ನು ಮೊದಲೇ ಊಹಿಸಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿಸಿದ್ದ. ಎಲ್ಲ ಸರಿಯಿದ್ದ ಹೊತ್ತಿನ ಒಂದು ಪಡಿಯಚ್ಚು ಅದು. ಒಂದು ಗುಂಡಿ ಒತ್ತಿದರೆ ಮಷೀನು ಆ ಹೊತ್ತಿಗೇ ತಿರುಗಿ ಹೋಗುತ್ತದೆ, ಆಮೇಲಿನದೆಲ್ಲ ಅಳಿಸಿಹೋಗುತ್ತದೆ. "ಕೆಟ್ರ ಇದನ್ನ ಒತ್ರಿ ಅಣ್ಣಾರ" ಎಂದಿದ್ದ. ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಷೀನು ಹೊಸದಾಗಿ, ತೊಳೆದಿಟ್ಟಂತೆ ನಿಂತಿತ್ತು. ಸೋಡಾಪುಡಿ ಬೇಡ, ಪೊರಕೆ ಬೇಡ. ಅಪ್ಪ ಇದ್ದಿದ್ದರೆ ಕೈಮುಗಿಯುತ್ತಿದ್ದರು ಎಂದುಕೊಂಡೆ.

ಕೆಟ್ಟರೆ ಒತ್ತಬೇಕು ಎಂದು ಅವನು ಹೇಳಿದ್ದ. ಕೆಡುವವರೆಗೆ ಕಾಯುವವನು ಹೋಟೆಲಿನವನಲ್ಲ. ಮಾಲಿನಿ ದಿವಾಕರನಿಗೆ ಸ್ನಾನ ಮಾಡಿಸುವ ಹೊತ್ತಿಗೆ ನಾನು ದಿನಾ ಮನೆ ಮುಟ್ಟುತ್ತಿದ್ದೆ. ಮೇಜು ಒರೆಸಿ, ಲ್ಯಾಪ್‌ಟಾಪು ತೆರೆದು, ಆ ಗುಂಡಿ ಒತ್ತಿ, ನಿನ್ನೆಯ ಮಷೀನನ್ನು ತೊಳೆದು ಇವತ್ತಿಗೆ ಸಿದ್ಧವಾಗಿಡುತ್ತಿದ್ದೆ. ಅವನು ಸ್ನಾನ ಮುಗಿಸಿ ಬರುವಾಗ ಎಲ್ಲ ಲಕಲಕ. ಈ ಕೆಲಸದಲ್ಲಿ ನನಗೆ ಎಷ್ಟು ತೃಪ್ತಿಯಿತ್ತು ಎಂದರೆ, ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆದು ಖುಷಿಪಡುತ್ತಿದ್ದೆ. ನನ್ನಿಂದ ತಮ್ಮನಿಗೆ ಆಗುತ್ತಿದ್ದ ಉಪಕಾರ ಇದೊಂದೇ ಎಂದು ತಿಳಿದಿದ್ದೆ.

ದಿನಗಳು ಹೋದವು. ದಿವಾಕರ ಬಂದು ಕೂತು ಮೊದಲು ಎರಡಕ್ಷರ ಕುಟ್ಟಿ, ಎಡಗೈಯ ಕಿರುಬೆರಳಿನಿಂದ ಕೀಲಿಮಣೆಯ ಎಡ ಅಂಚಿನ ಕ್ಯಾಪ್ಸ್ ಲಾಕ್ ಒತ್ತುತ್ತಿದ್ದ. ಏನೂ ಆಗುತ್ತಿರಲಿಲ್ಲ. ಮತ್ತೆ ಒತ್ತುತ್ತಿದ್ದ. ಆಮೇಲೆ ಪರದೆ ಬಿಟ್ಟು ತನ್ನ ಕೈಯನ್ನೇ ಬಹಳ ಹೊತ್ತು ನೋಡುತ್ತಿದ್ದ. ನಂತರ ನಿಟ್ಟುಸಿರಿಟ್ಟು, ಒಂದು ಉದ್ದದ ಸಾಲನ್ನು ತಪ್ಪುತ್ತ, ಅಳಿಸುತ್ತ, ಮತ್ತೆ ತಪ್ಪುತ್ತ ಊಟದ ಹೊತ್ತಿನವರೆಗೂ ಬರೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಹೇಗೋ ಸರಿಯಾಗಿ, ಅವನು ಸ್ವಲ್ಪ ಚುರುಕಾಗುತ್ತಿದ್ದ. ಮರುದಿನ ಮತ್ತೆ ಕ್ಯಾಪ್ಸ್ ಲಾಕ್, ಮತ್ತೆ ಕೈ ನೋಡುವುದು, ಮತ್ತೆ ಅದೇ ಸಾಲು. ದಿನಾ ಅದೇ. ನನಗೆ ಭಯವಾಗತೊಡಗಿತು. ರೋಗ ಮಾತಿನಿಂದ ನೆನಪಿಗೂ ಇಳಿಯಿತೇ?

ಡಾಕ್ಟರ ಹತ್ತಿರ ಹೋದಾಗ ಅವರು ನನ್ನನ್ನೇ ಕೇಳಿದರು, ದಿನವಿಡೀ ಜೊತೆಗಿರುವವನು ನಾನೇ ತಾನೆ. "ಕಾಲ್ಚಂ ಆಜ್ ಲಕ್ಷಾತ್ ರಾಹತಂ ಕಾ?" ನಿನ್ನೆಯದು ಇವತ್ತಿಗೆ ನೆನಪಿರುತ್ತದೆಯೇ ಎಂದು. ನಾನು ಹೇಳಿದೆ, "ನಾಹೀ ಡಾಕ್ಟರ್. ರೋಜ್ ಪಹಿಲ್ಯಾಪಾಸೂನ್." ದಿನಾ ಮೊದಲಿನಿಂದ. ದಿವಾಕರ ಪಕ್ಕದ ಕುರ್ಚಿಯಲ್ಲೇ ಇದ್ದ. ಅವನಿಗೆ ಎಲ್ಲ ಅರ್ಥವಾಗುತ್ತದೆಂದು ಮೇಲೆ ಹೇಳಿದೆನಲ್ಲ. ಅವನು ತಲೆ ತಗ್ಗಿಸಿ ಮೆಲ್ಲಗೆ ಆಡಿಸಿದ, ನಾನು ಹೇಳಿದ್ದು ಹೌದು ಎಂಬಂತೆ. ಡಾಕ್ಟರು ಮಾತಿನ ಅಭ್ಯಾಸವನ್ನು ಕಡಿಮೆ ಮಾಡಿ, ಇನ್ನು ಕೈಕಾಲಿನ ವ್ಯಾಯಾಮದ ಕಡೆ ಗಮನ ಕೊಡೋಣ ಎಂದರು. ಹೊರಗೆ ಬಂದು ರಿಕ್ಷಾಕ್ಕೆ ಕಾಯುವಾಗ ಮಾಲಿನಿ, "ಭಾವ, ಇಷ್ಟೇನಾ ಹಾಗಾದ್ರೆ?" ಎಂದಳು. ನಾನು ಎದುರು ಬಂದ ರಿಕ್ಷಾಕ್ಕೆ ಕೈ ಅಡ್ಡ ಹಿಡಿದೆ.

ಆಮೇಲೆ ಅವನು ಬಾಡತೊಡಗಿದ. ಕ್ಯಾಪ್ಸ್ ಲಾಕ್ ಒತ್ತಿ ಏನೂ ಆಗದಿದ್ದಾಗ ಎಡಮುಷ್ಟಿಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದ. ನಾನು ಕೈ ಹಿಡಿದುಕೊಳ್ಳಬೇಕಾಗುತ್ತಿತ್ತು. ಕೆಲವು ದಿನ ಸಾಲನ್ನು ಅರ್ಧಕ್ಕೇ ಬಿಟ್ಟು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಅಂಥ ದಿನದ ಮರುಬೆಳಿಗ್ಗೆ ನಾನು ಇನ್ನಷ್ಟು ಶ್ರದ್ಧೆಯಿಂದ ಮಷೀನು ತೊಳೆದಿಡುತ್ತಿದ್ದೆ. ಹೊಸ ಪರದೆ ಕಂಡರೆ ಹೊಸ ಹುರುಪು ಬಂದೀತು ಎಂದು.

ಒಂದು ಬೆಳಿಗ್ಗೆ ಅವರ ಕಟ್ಟಡಕ್ಕೆ ನೀರು ಬರಲಿಲ್ಲ. ಟ್ಯಾಂಕರಿಗೆ ಹೇಳಿದ್ದರು, ಅದೂ ಬಂದಿರಲಿಲ್ಲ. ಸ್ನಾನವಿಲ್ಲದ್ದರಿಂದ ದಿವಾಕರ ಆಗಲೇ ಬಟ್ಟೆ ಹಾಕಿಕೊಂಡು ಸೋಫಾದ ಮೇಲಿದ್ದ. ನಾನು ಎಂದಿನಂತೆ ಮೇಜು ಒರೆಸಿದೆ, ಲ್ಯಾಪ್‌ಟಾಪು ತೆರೆದೆ, ಗುಂಡಿ ಒತ್ತಿದೆ. ಪರದೆ ಕಪ್ಪಾಗಿ, ಬೆಳಗಿ, ಹೊಸದಾಯಿತು. "ಬಾ, ರೆಡಿ ಉಂಟು" ಎಂದು ತಿರುಗಿದರೆ ದಿವಾಕರ ನನ್ನ ಬೆನ್ನ ಹಿಂದೆಯೇ ನಿಂತಿದ್ದ, ಗೋಡೆ ಹಿಡಿದುಕೊಂಡು. ಯಾವಾಗ ಎದ್ದು ಬಂದನೋ ತಿಳಿಯದು. ಅವನ ಕಣ್ಣು ಪರದೆಯ ಮೇಲಿತ್ತು.

ಅಷ್ಟು ಸರ್ವರುಗಳನ್ನು ಸಾಕಿದವನಿಗೆ ಆ ಗುಂಡಿ ಏನೆಂದು ಬಿಡಿಸಿ ಹೇಳಬೇಕೇ? ಅವನ ಮುಖದಲ್ಲಿ ಏನೇನು ಹಾದುಹೋಯಿತೋ ನನಗೆ ಆಗ ಓದಲಾಗಲಿಲ್ಲ. ಅವನು ಪರದೆಗೆ ಬೆರಳು ತೋರಿಸಿ, ನನಗೆ ತೋರಿಸಿ, ಮತ್ತೆ ಪರದೆಗೆ ತೋರಿಸಿದ. "ಹೌದು ಮಾರಾಯ, ದಿನಾ ನಾನೇ ಮಾಡುದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. "ದಿನಾ. ನೀ ಬರುವಷ್ಟರಲ್ಲಿ ಎಲ್ಲ ಸಾಫ್."

ಅವನು ತನ್ನ ಹಣೆಯನ್ನು ಮುಟ್ಟಿಕೊಂಡ. ಎಲ್ಲಿ ಚಚ್ಚಿಕೊಳ್ಳುತ್ತಿದ್ದನೋ ಅಲ್ಲಿ, ಮೆಲ್ಲಗೆ. ಆಮೇಲೆ "ಎರಡು ಸಾದಾ" ಎಂದು ಕೂಗಿದ. ಅಡುಗೆಮನೆಯಿಂದ ಮಾಲಿನಿ ಓಡಿ ಬಂದಳು. ಅವನು ಕೂಗುತ್ತಲೇ ಇದ್ದ, ಅಳುತ್ತಿದ್ದ, ನಗುತ್ತಿದ್ದನೇನೋ ಎಂದೂ ಅನಿಸಿತು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತ. ಎಡಗೈಯಿಂದ ಮೌಸು ಹಿಡಿದು ಆ ಸ್ನ್ಯಾಪ್‌ಶಾಟನ್ನು ಹುಡುಕಿ ಅಳಿಸಿಹಾಕಿದ. ನಿಜವಾಗಿಯೂ ಅಳಿಸಲೇ ಎಂದು ಮಷೀನು ಕೇಳಿತು. ಅವನು ಮೌಸನ್ನು ಕುಟ್ಟಿದ.

ಬಸವರಾಜನಿಗೆ ಫೋನು ಮಾಡಿದೆ. ಅವನು ಸಂಜೆಯೇ ಬಂದ. ನಾನು ಎಲ್ಲ ಹೇಳಿದೆ: ಕ್ಯಾಪ್ಸ್ ಲಾಕು, ಕೈ ನೋಡುವುದು, ಉದ್ದದ ಸಾಲು. ಅವನು ಎಲ್ಲ ಕೇಳಿ, ನೆಲ ನೋಡುತ್ತ ಹೇಳಿದ.

"ಅಣ್ಣಾರ, ಎಂಟರ್ ಗುಂಡಿ ಬಲಕ್ಕ ಅದ. ಸರ್‌ಗೆ ಇರೂದು ಎಡಗೈ ಒಂದ. ಅದಕ್ಕ ಅವರು ಎಂಟರ್‌ನ ಎಡಕ್ಕ, ಕ್ಯಾಪ್ಸ್ ಲಾಕ್ ಮ್ಯಾಲ ತಂದ್ಕೊಂಡಿದ್ರು. ಆ ಉದ್ದನ ಸಾಲು ಅದಕ್ಕ. ದಿನಾ ತಂದ್ಕೊಂಡಿದ್ರು. ಮುಂಜಾನೆ ಬಂದು, ನಿನ್ನಿ ಮಾಡೀನಲ್ಲ ಅಂತ ಒತ್ತತಿದ್ರು. ಇಲ್ಲಿ ಇರ್ತಿರಲಿಲ್ಲ."

ಮಾಲಿನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಅಂದ್ರೆ ಅವರಿಗೆ ನೆನಪಿತ್ತು" ಎಂದಳು.

"ಎಲ್ಲಾ ನೆನಪಿತ್ತು ಅಕ್ಕಾರ. ಸರ್‌ಗೆ ಅನಸಿರಬೇಕು, ನಾ ಮಾಡೇ ಇಲ್ಲ, ನನ್ನ ತಲಿನ ಸುಳ್ ಹೇಳಾಕತ್ತದ ಅಂತ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗ ಎಷ್ಟು ಹಗುರವಾಗುತ್ತಿತ್ತೋ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು, ನೀರಿಲ್ಲದ್ದು ನೆನಪಾಗಿ ಅಲ್ಲೇ ನಿಂತಳು. ನಾನು ಚಪ್ಪಲಿ ಮೆಟ್ಟಿ ಬಸ್ಸಿಗೆ ನಡೆದೆ. ದಾರಿಯುದ್ದಕ್ಕೂ ನನಗೆ ಕಂಡದ್ದು ಆಸ್ಪತ್ರೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಹೌದು ಎನ್ನುತ್ತಿದ್ದ ನನ್ನ ತಮ್ಮ. ಅವನ ನೆನಪು ಸರಿಯಾಗಿತ್ತು. ಅದು ಸರಿಯಿಲ್ಲ ಎಂದು ನಾನು ಹೇಳಿದೆ, ಅವನು ಅಣ್ಣನ ಮಾತನ್ನು ನಂಬಿದ.

ಡಾಕ್ಟರಿಗೆ ಹೋಗಿ ಹೇಳಿದೆವು. ಅವರು ಮಾತಿನ ಅಭ್ಯಾಸವನ್ನು ಮತ್ತೆ ಶುರು ಮಾಡಿಸಿದರು. ನಷ್ಟವಾಯಿತೇ ಎಂದು ನಾನು ಕೇಳಿದ್ದಕ್ಕೆ, ಹಾಗೆ ಖಚಿತವಾಗಿ ಹೇಳಲಾಗುವುದಿಲ್ಲ ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಮೊದಲ ತಿಂಗಳುಗಳು ಅಷ್ಟರಲ್ಲಿ ಮುಗಿದಿದ್ದವು, ಅವುಗಳಿಗೆ ತಿರುಗಿ ಹೋಗುವ ಗುಂಡಿ ಇರಲಿಲ್ಲ. ಹೊಸ ಮಾತು ಇವತ್ತಿನವರೆಗೂ ಬಂದಿಲ್ಲ.

ಸ್ನ್ಯಾಪ್‌ಶಾಟ್ ಹೋದ ಮೇಲೆ ನಾನು ಆ ಮಷೀನನ್ನು ಮುಟ್ಟುವುದನ್ನು ಬಿಟ್ಟೆ. ದಿವಾಕರ ಮೊದಲ ದಿನವೇ ಎಂಟರನ್ನು ಎಡಕ್ಕೆ ತಂದುಕೊಂಡ. ಎರಡನೆಯ ಬೆಳಿಗ್ಗೆ ಕಿರುಬೆರಳಿನಿಂದ ಕ್ಯಾಪ್ಸ್ ಲಾಕ್ ಒತ್ತಿದ, ಸಾಲು ಕೆಳಗಿಳಿಯಿತು. ಅವನು ಅದನ್ನು ಸುಮ್ಮನೆ ಮತ್ತೆ ಮತ್ತೆ ಒತ್ತುತ್ತ ಕೂತ, ಖಾಲಿ ಸಾಲುಗಳು ಇಳಿಯುತ್ತಲೇ ಇದ್ದವು. ಆಮೇಲೆ ಅಕ್ಷರ ದೊಡ್ಡದು ಮಾಡಿಕೊಂಡ, ಪಟ್ಟಿಯನ್ನು ಮೇಲಕ್ಕೆ ಸರಿಸಿಕೊಂಡ. ಆಮೇಲೆ ಎಲ್ಲೋ ಕೈ ತಪ್ಪಿತು. ಏನನ್ನೋ ಅಳಿಸಬಾರದ್ದನ್ನು ಅಳಿಸಿದ. ಮಷೀನು ಬಿದ್ದಿತು. ಕಪ್ಪು ಪರದೆಯ ಮೇಲೆ ಒಂದು ಸಾಲು ದೂರು, ಅದರ ಕೆಳಗೆ ಏನೂ ಇಲ್ಲ. ಯಾವ ಗುಂಡಿಗೂ ಉಸಿರಿಲ್ಲ.

ಮರುದಿನ ಬಾಗಿಲು ತೆರೆದವಳು ಮಾಲಿನಿ. "ಬಸವರಾಜ್ ಭಾನುವಾರ ಬಂದು ಹೊಸದು ಹಾಕ್ತಾರಂತೆ, ಅವರಿಗೆ ಹೇಳಿ ಭಾವ" ಎಂದು ಪಿಸುಗುಟ್ಟಿ ಆಫೀಸಿಗೆ ಹೋದಳು. ಆಗಲೇ ಸ್ನಾನ ಮುಗಿಸಿದ್ದ ದಿವಾಕರ ಮೇಜಿಗೆ ಬಂದು ಕೂತ. ಲ್ಯಾಪ್‌ಟಾಪನ್ನು ತಾನೇ ತೆರೆದ. ತೆರೆಯುವಾಗ ಉಸಿರು ಬಿಗಿಹಿಡಿದಿದ್ದ. ನನಗೆ ಅದು ಕಾಣುತ್ತಿತ್ತು. ಪರದೆ ಬೆಳಗಿತು. ಅದೇ ಒಂದು ಸಾಲು ದೂರು, ಕೆಳಗೆ ಅದೇ ಕತ್ತಲು. ನಿನ್ನೆ ಅವನು ಹೇಗೆ ಕೆಡಿಸಿಟ್ಟಿದ್ದನೋ, ಅವನಿಗೆ ಹೇಗೆ ನೆನಪಿತ್ತೋ, ಹಾಗೆಯೇ ಕೆಟ್ಟು ಕೂತಿತ್ತು.

ದಿವಾಕರನ ಉಸಿರು ಸಡಿಲವಾಯಿತು. ಅವನು ನನ್ನ ಕಡೆ ತಿರುಗಿ ಸೊಟ್ಟಬಾಯಿ ಅಗಲಿಸಿ ನಕ್ಕ, ಕಾಯಿಲೆ ಬಿದ್ದಮೇಲೆ ಮೊದಲ ಸಲ.

ಬಸವರಾಜ ಭಾನುವಾರ ಹೊಸದು ಹಾಕಲು ಬಂದ. ದಿವಾಕರ ಲ್ಯಾಪ್‌ಟಾಪಿನ ಮೇಲೆ ಎಡಗೈ ಹೇರಿ ಕೂತು ಬಿಡಲಿಲ್ಲ. ಅದು ಇನ್ನೂ ಹಾಗೆಯೇ ಇದೆ. ಬೆಳಿಗ್ಗೆ ಒಮ್ಮೆ ತೆರೆಯುತ್ತಾನೆ, ಕೆಟ್ಟೇ ಇದೆಯೆಂದು ನೋಡಿ ಖಚಿತ ಮಾಡಿಕೊಳ್ಳುತ್ತಾನೆ, ಮುಚ್ಚಿ ಕಾಫಿ ಕುಡಿಯುತ್ತಾನೆ.